ಆರು ಇಂಚಿನ ಹೊಸ ರಿಫ್ರ್ಯಾಕ್ಟರ್: ಮೊದಲ ರಾತ್ರಿಯ ನಿರಾಸೆಗೆ ಲೆನ್ಸ್ ಕಾರಣವೇ?

ಪ್ರಶ್ನೆ: ಸರ್, ಹಲವು ವರ್ಷ ದುಡ್ಡು ಕೂಡಿಟ್ಟು 150 ಮಿ.ಮೀ. ಅಗಲದ, ಎಫ್/8ರ (ಲೆನ್ಸಿನಿಂದ ಫೋಕಸ್‌ವರೆಗಿನ ದೂರ, ಅಂದರೆ ಫೋಕಲ್ ಲೆಂತ್, ಅಗಲದ ಎಂಟು ಪಟ್ಟು) ರಿಫ್ರ್ಯಾಕ್ಟರ್, ಅಂದರೆ ಲೆನ್ಸ್ ಟೆಲಿಸ್ಕೋಪ್, ತರಿಸಿದೆ. ಬಣ್ಣ ಕಡಿಮೆ ಚದುರಿಸುವ ಇಡಿ ಗಾಜಿನದು. ಫೋಟೊ ತೆಗೆಯುವ ಹುಚ್ಚಿಲ್ಲ, ಕಣ್ಣಿಟ್ಟು ನೋಡುವುದಷ್ಟೇ. ಹಳೆಯ 4 ಇಂಚಿನ ಎಫ್/9 ಟೆಲಿಸ್ಕೋಪ್‌ನ ಮೌಂಟ್ (ಟ್ಯೂಬ್ ಹೊತ್ತು ತಿರುಗಿಸುವ ತಳ) ಮೇಲೆಯೇ ಕೂರಿಸಿ, ತುಮಕೂರಿನ ನಮ್ಮ ಮನೆ ತಾರಸಿಯಿಂದ ಡಿಸೆಂಬರ್ ಕೊನೆಯಲ್ಲಿ ಒಂದು ರಾತ್ರಿ ಎಂಟೂವರೆಗೆ ನೋಡಿದೆ. ಮಿಥುನದಲ್ಲಿದ್ದ ಗುರು ಕುದಿಯುತ್ತಿತ್ತು. ಲುಬ್ಧಕ (ಸಿರಿಯಸ್) ನಕ್ಷತ್ರದ ಅಂಚಿನಲ್ಲಿ ಕೆಂಪು-ನೀಲಿ ಬಣ್ಣ. ಫೋಕಸ್ ಮಾಡಲು ಮುಟ್ಟಿದರೆ ಅಲುಗಾಟ ನಿಲ್ಲುವುದೇ ಇಲ್ಲ. ಗೆಳೆಯನ 8 ಇಂಚಿನ ಡಾಬ್‌ನಲ್ಲಿ (ಕನ್ನಡಿ ಟೆಲಿಸ್ಕೋಪ್) ಗ್ಯಾಲಕ್ಸಿಗಳು ಇದಕ್ಕಿಂತ ಚೆನ್ನಾಗಿ ಕಂಡವು. ಲೆನ್ಸ್‌ನಲ್ಲೇ ದೋಷ ಇದೆಯಾ? ವಾಪಸ್ ಕಳಿಸಲಾ?

ಉತ್ತರ: ಈಗಲೇ ವಾಪಸ್ ಕಳಿಸಬೇಡಿ. ನೀವು ಬರೆದ ನಾಲ್ಕು ದೂರುಗಳಲ್ಲಿ ಎರಡಕ್ಕೆ ಗಾಳಿ ಕಾರಣ, ಒಂದಕ್ಕೆ ಮೌಂಟ್ ಕಾರಣ. ನಾಲ್ಕನೆಯದು ದೋಷವೇ ಅಲ್ಲ, ಬರೀ ಅಳತೆಯ ಲೆಕ್ಕ. ಹಾಗಂತ ನಿಮ್ಮ ಲೆನ್ಸ್ ಚೆನ್ನಾಗಿದೆ ಅಂತ ನಾನು ಸರ್ಟಿಫಿಕೇಟ್ ಕೊಡುತ್ತಿಲ್ಲ. ಅದು ಹೇಗಿದೆ ಅಂತ ಆ ರಾತ್ರಿ ನಿಮಗೆ ನೋಡುವ ಅವಕಾಶವೇ ಸಿಗಲಿಲ್ಲ, ಅಷ್ಟೇ. ಲೆನ್ಸಿನ ಮುಂದೆ ಕೆಟ್ಟ ಗಾಳಿ ಇತ್ತು, ಕೆಳಗೆ ಸಣ್ಣ ಮೌಂಟ್ ಇತ್ತು. ಆ ಎರಡನ್ನೂ ಸರಿಸಿದ ಮೇಲೆ ಏನು ಉಳಿಯುತ್ತದೋ ಅದು ಮಾತ್ರ ಲೆನ್ಸಿನದ್ದು.

ಬಣ್ಣದಿಂದ ಶುರು ಮಾಡೋಣ. ಇಡಿ ಗಾಜಿಗೆ ಅಷ್ಟು ದುಡ್ಡು ಕೊಟ್ಟವರಿಗೆ ಮೊದಲು ಹೊಟ್ಟೆ ಉರಿಯುವುದು ಬಣ್ಣ ಕಂಡಾಗಲೇ. ಡಿಸೆಂಬರ್ ಕೊನೆಯಲ್ಲಿ ರಾತ್ರಿ ಎಂಟೂವರೆಗೆ ತುಮಕೂರಿನಲ್ಲಿ ಲುಬ್ಧಕ ಎಲ್ಲಿರುತ್ತದೆ? ಆಗ ತಾನೇ ಪೂರ್ವದಲ್ಲಿ ಎದ್ದು, ದಿಗಂತದಿಂದ 20 ಡಿಗ್ರಿ ಆಸುಪಾಸು ಮೇಲಿರುತ್ತದೆ. ಅಷ್ಟು ತಗ್ಗಿನಲ್ಲಿ ಅದರ ಬೆಳಕು ನಮ್ಮ ತಲೆಯ ಮೇಲಿನ ಗಾಳಿಯ ಸುಮಾರು ಮೂರು ಪಟ್ಟು ದಪ್ಪವನ್ನು ದಾಟಿ ಬರಬೇಕು. ಗಾಳಿಯೂ ಬೆಳಕನ್ನು ಬಾಗಿಸುತ್ತದೆ. ನೀಲಿಯನ್ನು ಸ್ವಲ್ಪ ಜಾಸ್ತಿ, ಕೆಂಪನ್ನು ಸ್ವಲ್ಪ ಕಡಿಮೆ. ಹಾಗಾಗಿ ಆ ಎತ್ತರದಲ್ಲಿ ಒಂದೇ ನಕ್ಷತ್ರದ ನೀಲಿ ಬಿಂಬ ಮತ್ತು ಕೆಂಪು ಬಿಂಬ ಕೆಲವು ಆರ್ಕ್‌ಸೆಕೆಂಡ್‌ನಷ್ಟು ದೂರ ಸರಿಯುತ್ತವೆ. ಒಂದು ಡಿಗ್ರಿಯಲ್ಲಿ 3600 ಆರ್ಕ್‌ಸೆಕೆಂಡ್. ನಿಮ್ಮ ಟೆಲಿಸ್ಕೋಪ್ ಒಂದು ಆರ್ಕ್‌ಸೆಕೆಂಡ್‌ಗಿಂತ ಕಡಿಮೆ ಅಂತರವನ್ನೂ ಬಿಡಿಸಿ ತೋರಿಸಬಲ್ಲದು. ಹೀಗಿರುವಾಗ ಇಷ್ಟು ದೊಡ್ಡ ಸರಿತ ಕಾಣದೆ ಇರುತ್ತದಾ?

ಗಾಳಿಯ ಬಣ್ಣವನ್ನೂ ಲೆನ್ಸಿನ ಬಣ್ಣವನ್ನೂ ಬೇರೆ ಮಾಡುವುದು ಸುಲಭ. ಗಾಳಿಯದು ಒಂದು ಬದಿಗೆ ನೀಲಿ, ಎದುರು ಬದಿಗೆ ಕೆಂಪು. ಡಯಾಗನಲ್ (ಬೆಳಕನ್ನು ಬದಿಗೆ ತಿರುಗಿಸುವ ಸಣ್ಣ ಕನ್ನಡಿ) ಹಾಕಿ ನೋಡುತ್ತಿದ್ದರೆ ಮೇಲ್ಗಡೆ ನೀಲಿ, ಕೆಳಗಡೆ ಕೆಂಪು ಕಾಣುತ್ತದೆ. ಲೆನ್ಸಿನದು ಹಾಗಲ್ಲ. ಅದು ನಕ್ಷತ್ರದ ಸುತ್ತ ಎಲ್ಲ ಕಡೆಗೂ ಒಂದೇ ಥರ ಹರಡಿದ ನೇರಳೆ ಛಾಯೆ. ನೀವು 'ಅಂಚಿನಲ್ಲಿ ಕೆಂಪು-ನೀಲಿ' ಅಂತ ಬರೆದಿದ್ದೀರಿ. ಅಂದರೆ ನೀವು ನೋಡಿದ್ದು ಬಹುತೇಕ ಗಾಳಿಯ ಬಣ್ಣವೇ. ಅದೇ ಲುಬ್ಧಕವನ್ನು ನಡುರಾತ್ರಿ ದಾಟಿದ ಮೇಲೆ ನೋಡಿ. ನಮ್ಮ ಊರುಗಳಲ್ಲಿ ಅದು 60 ಡಿಗ್ರಿ ಎತ್ತರಕ್ಕೆ ಏರುತ್ತದೆ. ಬಣ್ಣ ಹೋಗಿದ್ದರೆ ಆ ದೂರನ್ನು ಹರಿದು ಹಾಕಿ. ಇನ್ನೊಂದು ಸಾಧ್ಯತೆಯೂ ಇದೆ. ಅಗ್ಗದ ಐಪೀಸ್‌ಗಳಲ್ಲಿ (ಕಣ್ಣಿಡುವ ಕಡೆಯ ಸಣ್ಣ ಲೆನ್ಸ್) ನೋಟದ ಅಂಚಿಗೆ ಹೋದ ನಕ್ಷತ್ರಕ್ಕೆ ಬಣ್ಣ ಬರುತ್ತದೆ. ಯಾವಾಗಲೂ ನಡುವಿಗೆ ತಂದೇ ತೀರ್ಪು ಕೊಡಿ.

ಗುರು ಕುದಿಯುತ್ತಿತ್ತು ಅಂದಿರಿ. ಅದೂ ಆ ಹೊತ್ತಿಗೆ ಸುಮಾರು ಅದೇ 20 ಡಿಗ್ರಿಯಲ್ಲಿತ್ತು. ಇದರ ಜೊತೆಗೆ ನಿಮ್ಮ ತಾರಸಿ. ಡಿಸೆಂಬರ್ ಆದರೂ ತುಮಕೂರಿನ ಬಿಸಿಲು ಬಿಸಿಲೇ. ಇಡೀ ದಿನ ಕಾದ ಕಾಂಕ್ರೀಟು ರಾತ್ರಿ ಹತ್ತರವರೆಗೂ ಶಾಖ ಬಿಡುತ್ತಲೇ ಇರುತ್ತದೆ. ಪೂರ್ವದ ಕಡೆ ಪಕ್ಕದ ಮನೆಗಳ ತಾರಸಿಗಳಿದ್ದರೆ ಅವುಗಳ ಬಿಸಿಗಾಳಿಯ ಮೇಲಿಂದಲೇ ನೀವು ಗುರುವನ್ನು ನೋಡುತ್ತಿದ್ದೀರಿ. ಇನ್ನು ಟ್ಯೂಬ್ ಮನೆಯೊಳಗಿನ ಬಿಸಿಯಿಂದ ಹೊರಗೆ ಬಂದಿತ್ತು. ಆರು ಇಂಚಿನ ಎರಡು ಗಾಜುಗಳ ಲೆನ್ಸ್ ಹೊರಗಿನ ತಂಪಿಗೆ ಹೊಂದಲು ಮುಕ್ಕಾಲು ಗಂಟೆಯಾದರೂ ಬೇಕು. ಮೂರು ಗಾಜಿನದ್ದಾದರೆ ಇನ್ನೂ ಜಾಸ್ತಿ. ಅಲ್ಲಿಯವರೆಗೆ ಟ್ಯೂಬಿನ ಒಳಗೂ ಗಾಳಿ ಸುಳಿಯುತ್ತಿರುತ್ತದೆ.

ಪರಿಹಾರ ಅಂದರೆ ಕಾಯುವುದು. ಸೂರ್ಯ ಮುಳುಗಿದ ಕೂಡಲೇ ಟ್ಯೂಬನ್ನು ಹೊರಗಿಡಿ. ಊಟ ಮುಗಿಸಿ ಬನ್ನಿ. ಗುರುವನ್ನು ಹನ್ನೊಂದರ ನಂತರ ನೋಡಿ. ಅದು ಮಿಥುನದಲ್ಲಿರುವಾಗ ನಮ್ಮ ಕಡೆ ನೆತ್ತಿಯ ಹತ್ತಿರಕ್ಕೇ ಬರುತ್ತದೆ. ಯೂರೋಪಿನವರು ಹೊಟ್ಟೆಕಿಚ್ಚು ಪಡುವಂಥ ಜಾಗದಲ್ಲಿ ನಾವಿದ್ದೇವೆ. ಗ್ರಹಗಳು ಓಡಾಡುವ ದಾರಿ ನಮಗೆ ಸದಾ ಎತ್ತರದಲ್ಲೇ ಇರುತ್ತದೆ. ಸಾಧ್ಯವಿದ್ದರೆ ತಾರಸಿ ಬಿಟ್ಟು ಮಣ್ಣಿನ ಅಂಗಳಕ್ಕೋ ಹುಲ್ಲಿನ ಜಾಗಕ್ಕೋ ಇಳಿಯಿರಿ. ಇನ್ನೊಂದು ಮಾತು. ನಕ್ಷತ್ರಗಳು ಮಿಣಮಿಣ ಹೊಳೆಯುವ, ಗಾಜು ಒರೆಸಿದಂಥ ಆಕಾಶ ಗ್ರಹ ನೋಡಲು ಒಳ್ಳೆಯದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆ ಮಿಣುಕೇ ಗಾಳಿಯ ಅಲುಗಾಟ. ಸ್ವಲ್ಪ ಮಬ್ಬು ಕವಿದ, ಎಲೆ ಅಲ್ಲಾಡದ ರಾತ್ರಿಗಳಲ್ಲೇ ಗುರುವಿನ ಪಟ್ಟೆಗಳು ಗೆರೆ ಎಳೆದಂತೆ ನಿಲ್ಲುತ್ತವೆ. ಮಾರ್ಚ್-ಏಪ್ರಿಲ್‌ನ ಧೂಳು ಮುಸುಕಿದ ಆಕಾಶ ಗ್ಯಾಲಕ್ಸಿಗೆ ಕೆಟ್ಟದ್ದು, ಗ್ರಹಕ್ಕೆ ಎಷ್ಟೋ ಸಲ ಬಂಗಾರ.

ಈಗ ಲೆನ್ಸಿನ ಪರೀಕ್ಷೆ. ಇದಕ್ಕೆ ಯಾವ ಉಪಕರಣವೂ ಬೇಡ, ಒಂದು ನಕ್ಷತ್ರ ಸಾಕು. ವಿದೇಶಿ ಕೈಪಿಡಿಗಳಲ್ಲಿ 'ಧ್ರುವ ನಕ್ಷತ್ರವನ್ನು ಹಿಡಿಯಿರಿ, ಅದು ಜರುಗುವುದಿಲ್ಲ' ಅಂತ ಬರೆದಿರುತ್ತದೆ. ನಮಗೆ ಆ ಸಲಹೆ ಉಪಯೋಗವಿಲ್ಲ. ತುಮಕೂರಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ 13 ಡಿಗ್ರಿ ಮೇಲೆ ಮಾತ್ರ ಇರುತ್ತದೆ. ಅದು ದಪ್ಪ ಗಾಳಿಯಲ್ಲಿ ಮುಳುಗಿರುವ ನಕ್ಷತ್ರ. ಅದರ ಬದಲು ನೆತ್ತಿಯ ಹತ್ತಿರದ ಎರಡನೇ ಅಥವಾ ಮೂರನೇ ದರ್ಜೆಯ ನಕ್ಷತ್ರ ಆರಿಸಿ (ದರ್ಜೆಯ ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು). ತೀರಾ ಪ್ರಖರವಾದದ್ದು ಬೇಡ, ಕಣ್ಣು ಕೋರೈಸುತ್ತದೆ. ಮೋಟರ್ ಇಲ್ಲದಿದ್ದರೂ ಪರವಾಗಿಲ್ಲ. 200 ಪಟ್ಟು ಹಿಗ್ಗಿಸಿದಾಗ ಸಾಮಾನ್ಯ ಐಪೀಸ್‌ನಲ್ಲಿ ನಕ್ಷತ್ರ ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗಲು ಹತ್ತಿರ ಹತ್ತಿರ ಒಂದು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ನೋಡಬೇಕಾದ್ದನ್ನು ನೋಡಬಹುದು.

ಟೆಲಿಸ್ಕೋಪ್ ಚೆನ್ನಾಗಿ ತಣ್ಣಗಾದ ಮೇಲೆ 6 ಮಿ.ಮೀ. ಐಪೀಸ್ ಹಾಕಿ. ನಿಮ್ಮ ಫೋಕಲ್ ಲೆಂತ್ 1200 ಮಿ.ಮೀ., ಹಾಗಾಗಿ ಇದು 200 ಪಟ್ಟು. ನಕ್ಷತ್ರವನ್ನು ನಿಖರ ಫೋಕಸ್‌ಗೆ ತನ್ನಿ. ಗಾಳಿ ನಿಂತ ಕ್ಷಣದಲ್ಲಿ ಒಂದು ಪುಟ್ಟ ದುಂಡು ಬಿಲ್ಲೆ, ಅದರ ಸುತ್ತ ತೆಳ್ಳನೆಯ ಒಂದು ಉಂಗುರ, ಕೆಲವೊಮ್ಮೆ ಎರಡನೆಯದರ ಸುಳಿವು ಕಾಣಬೇಕು. ಆಮೇಲೆ ಫೋಕಸರ್ ಅನ್ನು ನಿಧಾನವಾಗಿ ಒಳಗೆ ತಿರುಗಿಸಿ, ಐದಾರು ಉಂಗುರ ಕಾಣುವಷ್ಟು. ಮತ್ತೆ ಫೋಕಸ್ ದಾಟಿಸಿ ಅಷ್ಟೇ ಹೊರಗೆ. ಎರಡೂ ಕಡೆ ಉಂಗುರಗಳು ದುಂಡಗಿರಬೇಕು. ಒಂದೇ ನಡುವಿನ ಸುತ್ತ ಇರಬೇಕು. ಎರಡೂ ಕಡೆಯ ನೋಟ ಒಂದನ್ನೊಂದು ಹೋಲಬೇಕು. ಒಂದು ಕಡೆ ಸ್ವಲ್ಪ ಹಸಿರು ಛಾಯೆ, ಇನ್ನೊಂದು ಕಡೆ ಸ್ವಲ್ಪ ನೇರಳೆ ಕಂಡರೆ ಗಾಬರಿಯಾಗಬೇಡಿ. ಎರಡು ಗಾಜಿನ ಲೆನ್ಸ್‌ನಲ್ಲಿ ಅದು ಇದ್ದದ್ದೇ. ಹಸಿರು ಫಿಲ್ಟರ್ ಇದ್ದರೆ ಹಾಕಿಕೊಂಡು ಆಕಾರವನ್ನಷ್ಟೇ ನೋಡಿ.

ಏನು ತಪ್ಪಿರಬಹುದು? ಉಂಗುರಗಳು ಒಂದು ಬದಿಗೆ ಒತ್ತಿಕೊಂಡಿದ್ದರೆ ಲೆನ್ಸ್ ಓರೆಯಾಗಿದೆ. ಸಾಗಣೆಯಲ್ಲಿ ಹೀಗಾಗುತ್ತದೆ. ಲೆನ್ಸಿನ ಚೌಕಟ್ಟಿನಲ್ಲಿ ಹೊಂದಿಸುವ ಸ್ಕ್ರೂಗಳಿದ್ದರೆ ಸರಿಪಡಿಸಬಹುದು, ಇದು ಕಾಯಿಲೆಯಲ್ಲ. ಉಂಗುರಗಳು ಮುಕ್ಕೋನವಾಗಿದ್ದರೆ ಗಾಜನ್ನು ಎಲ್ಲೋ ಬಿಗಿಯಾಗಿ ಹಿಡಿದಿದ್ದಾರೆ. ಒಂದು ಕಡೆ ಮೊಟ್ಟೆಯಾಕಾರ ಅಡ್ಡವಾಗಿದ್ದು, ಫೋಕಸ್ ದಾಟಿದೊಡನೆ ಅದು ಉದ್ದುದ್ದವಾಗಿ ತಿರುಗಿದರೆ ಅದು ಅಸ್ಟಿಗ್ಮಾಟಿಸಂ. ಇಲ್ಲೊಂದು ವಿಷಯ ಗಮನಿಸಿ. ಅಸ್ಟಿಗ್ಮಾಟಿಸಂ ಲೆನ್ಸಿನಲ್ಲೇ ಇರಬೇಕೆಂದಿಲ್ಲ. ನಿಮ್ಮ ಕಣ್ಣಿನಲ್ಲಿ ಇರಬಹುದು, ಐಪೀಸಿನಲ್ಲಿ, ಡಯಾಗನಲ್‌ನಲ್ಲಿ ಇರಬಹುದು. ಒಂದೊಂದಾಗಿ ತಿರುಗಿಸಿ ನೋಡಿ. ನಿಮ್ಮ ತಲೆಯನ್ನು ಓರೆ ಮಾಡಿದಾಗ ಮೊಟ್ಟೆಯೂ ಓರೆಯಾದರೆ ಕಣ್ಣಿನದು, ಕನ್ನಡಕ ಹಾಕಿ ನೋಡಿ. ಐಪೀಸ್ ತಿರುಗಿಸಿದಾಗ ತಿರುಗಿದರೆ ಐಪೀಸಿನದು. ಡಯಾಗನಲ್ ಅನ್ನೇ ತೆಗೆದು ನೇರವಾಗಿ ನೋಡಿದಾಗ ಮಾಯವಾದರೆ ಡಯಾಗನಲ್‌ನದು. ಹೊಸ ಟೆಲಿಸ್ಕೋಪ್ ಜೊತೆ ಪುಕ್ಕಟೆ ಬರುವ ಡಯಾಗನಲ್‌ಗಳನ್ನು ನಾನು ಮೊದಲು ಅನುಮಾನಿಸುತ್ತೇನೆ. ಲಕ್ಷಗಟ್ಟಲೆ ಬೆಲೆಯ ಲೆನ್ಸಿನ ಹೆಸರು ಕೆಡಿಸಿದ ಸಣ್ಣ ಕನ್ನಡಿಗಳಿಗೆ ಲೆಕ್ಕವಿಲ್ಲ. ಇಷ್ಟೆಲ್ಲ ಬದಲಿಸಿದರೂ ಮೊಟ್ಟೆ ಜಾಗ ಬಿಡದೆ ಕೂತಿದ್ದರೆ ಆಗ ಲೆನ್ಸಿನದ್ದೇ.

ಇಡಿ ಗಾಜಿನ ಬಗ್ಗೆ ಒಂದಿಷ್ಟು ಹೇಳದೆ ಮುಂದೆ ಹೋಗಲಾರೆ, ಯಾಕೆಂದರೆ ಜಾಹೀರಾತಿನಲ್ಲಿ ಅದರದ್ದೇ ಅಬ್ಬರ. ಗಾಜು ಬಣ್ಣಗಳನ್ನು ಎಷ್ಟು ಕಡಿಮೆ ಚದುರಿಸುತ್ತದೆ ಎಂಬುದಕ್ಕೆ ಆಬೆ ಸಂಖ್ಯೆ ಅಂತ ಒಂದು ಅಳತೆಯಿದೆ. ಸಾಮಾನ್ಯ ಕ್ರೌನ್ ಗಾಜಿಗೆ ಸುಮಾರು 64. ಜಪಾನಿನ ಒಹಾರಾ ಕಂಪನಿಯ ಎಫ್‌ಪಿಎಲ್-51ಕ್ಕೆ 81 ದಾಟುತ್ತದೆ, ಎಫ್‌ಪಿಎಲ್-53ಕ್ಕೆ 95ರ ಹತ್ತಿರ. ಹಳೆಯ ಥರದ ಸಾದಾ ಲೆನ್ಸ್‌ನಲ್ಲಿ ಬಣ್ಣ ಕಾಟ ಕೊಡಬಾರದು ಅಂದರೆ ಎಫ್ ಸಂಖ್ಯೆ ಇಂಚಿನ ಅಳತೆಯ ಮೂರು ಪಟ್ಟಾದರೂ ಇರಬೇಕು ಅನ್ನುವುದು ಹಳಬರ ಲೆಕ್ಕ. ಆರು ಇಂಚಿಗೆ ಎಫ್/18, ಅಂದರೆ ಎರಡೂಮುಕ್ಕಾಲು ಮೀಟರ್ ಉದ್ದ. ಅಮೆರಿಕದ ಯರ್ಕ್ಸ್ ವೀಕ್ಷಣಾಲಯದ 40 ಇಂಚಿನ ಟೆಲಿಸ್ಕೋಪ್ 1897ರಲ್ಲಿ ಶುರುವಾಯಿತು. ಇವತ್ತಿಗೂ ವೀಕ್ಷಣಾಲಯಗಳಲ್ಲಿರುವ ಅತಿ ದೊಡ್ಡ ಲೆನ್ಸ್ ಟೆಲಿಸ್ಕೋಪ್ ಅದೇ. ಅದರ ಫೋಕಲ್ ಲೆಂತ್ 19 ಮೀಟರಿಗೂ ಜಾಸ್ತಿ. ನಿಮ್ಮದು ಎಫ್/8ರಲ್ಲೇ ಕೆಲಸ ಮುಗಿಸುತ್ತದೆ ಅಂದರೆ ಅದು ಇಡಿ ಗಾಜಿನ ಪುಣ್ಯ. ಆದರೆ ಗಾಜಿನ ಹೆಸರು ಅರ್ಧ ಕಥೆ ಮಾತ್ರ. ಜೊತೆಯ ಎರಡನೇ ಗಾಜು ಯಾವುದು, ಉಜ್ಜಿ ನಯ ಮಾಡಿದವರ ಕೈ ಎಂಥದ್ದು ಎಂಬುದೇ ಉಳಿದರ್ಧ. ಅದು ಡಬ್ಬಿಯ ಮೇಲೆ ಬರೆದಿರುವುದಿಲ್ಲ, ನಕ್ಷತ್ರದ ಉಂಗುರಗಳಲ್ಲಿ ಮಾತ್ರ ಕಾಣುತ್ತದೆ.

ಇನ್ನು ಮೌಂಟ್. ನಿಜವಾಗಿ ದುಡ್ಡು ಖರ್ಚು ಮಾಡಬೇಕಾದ ಜಾಗ ಇದು. ದೋಟಿ ಹಿಡಿದು ಮಾವಿನಕಾಯಿ ಕಿತ್ತವರಿಗೆ ಗೊತ್ತು: ದೋಟಿ ಎರಡು ಮೊಳ ಉದ್ದವಾದರೆ ಸಾಕು, ತುದಿ ಕೈ ಮಾತು ಕೇಳುವುದಿಲ್ಲ. ಉದ್ದದ ಟ್ಯೂಬ್‌ಗೂ ಅದೇ ಕಾಟ. ತೂಕ ಹೆಚ್ಚಿದಷ್ಟು ಮಾತ್ರ ಅಲುಗಾಟ ಹೆಚ್ಚುವುದಿಲ್ಲ, ಉದ್ದದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ನಿಮ್ಮ ಹಳೆಯ 4 ಇಂಚಿನ ಎಫ್/9 ಟ್ಯೂಬ್ ನಾಲ್ಕು ಕಿಲೊ ಆಸುಪಾಸು ಇದ್ದಿರಬೇಕು, ಫೋಕಲ್ ಲೆಂತ್ 900 ಮಿ.ಮೀ. ಹೊಸದು ಎಲ್ಲ ಸೇರಿ ಹತ್ತು-ಹನ್ನೆರಡು ಕಿಲೊ, 1200 ಮಿ.ಮೀ. ಲೆಕ್ಕ ಹಾಕಿದರೆ ಮೌಂಟ್ ಮೇಲೆ ಬಿದ್ದ ಹೊರೆ ನಾಲ್ಕು ಪಟ್ಟಿಗೂ ಜಾಸ್ತಿ. ಮೌಂಟ್ ಡಬ್ಬಿಯ ಮೇಲೆ 'ಇಷ್ಟು ಕಿಲೊ ಹೊರುತ್ತದೆ' ಅಂತ ಬರೆದಿರುವುದು ಗಿಡ್ಡ ಟ್ಯೂಬುಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಉದ್ದನೆಯ ರಿಫ್ರ್ಯಾಕ್ಟರ್‌ಗೆ ಆ ಸಂಖ್ಯೆಯ ಅರ್ಧ ನಂಬಿದರೆ ಸಾಕು.

ಪರೀಕ್ಷೆ ಹೀಗೆ ಮಾಡಿ. 150 ಪಟ್ಟಿನಲ್ಲಿ ನಕ್ಷತ್ರ ನೋಡುತ್ತ ಟ್ಯೂಬ್ ಅನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಎರಡು ಸೆಕೆಂಡಿನಲ್ಲಿ ನಿಂತರೆ ಒಳ್ಳೆಯದು. ಐದು ಸೆಕೆಂಡ್ ಆದರೆ ಫೋಕಸ್ ಮಾಡುವುದೇ ಶಿಕ್ಷೆ. ನಿಮ್ಮದು ಎರಡನೇ ಗುಂಪಿನದು ಅಂತ ಪತ್ರ ನೋಡಿದರೇ ಗೊತ್ತಾಗುತ್ತದೆ. ಫೋಕಸ್ ಸರಿಯಾಗಿ ಸಿಗದ ಗುರು ಕುದಿಯುವ ಗುರುವಿನಂತೆಯೇ ಕಾಣುತ್ತದೆ ಅನ್ನುವುದನ್ನೂ ಮರೆಯಬೇಡಿ. ಎರಡು ದೂರುಗಳು ಒಂದರ ಹಿಂದೆ ಒಂದು ಅಡಗಿರಬಹುದು.

ನಮ್ಮ ಕಡೆಯ ಇನ್ನೊಂದು ತೊಂದರೆ ಯಾವ ವಿದೇಶಿ ವಿಮರ್ಶೆಯಲ್ಲೂ ಇರುವುದಿಲ್ಲ. ಆಕಾಶದ ತಿರುಗಾಟವನ್ನು ಒಂದೇ ಅಕ್ಷದಲ್ಲಿ ಹಿಂಬಾಲಿಸುವ ಈಕ್ವಟೋರಿಯಲ್ ಮೌಂಟ್‌ನ ಮುಖ್ಯ ಅಕ್ಷವನ್ನು ಧ್ರುವದ ಕಡೆ ತಿರುಗಿಸಬೇಕು ಅಲ್ವಾ? ಲಂಡನ್‌ನಲ್ಲಿ ಅದು 51 ಡಿಗ್ರಿ ಎತ್ತರ. ನಮ್ಮಲ್ಲಿ 13 ಡಿಗ್ರಿ. ಅಕ್ಷ ಬಹುತೇಕ ಮಲಗಿಬಿಡುತ್ತದೆ. ಎಷ್ಟೋ ಮೌಂಟುಗಳಲ್ಲಿ ಅಷ್ಟು ತಗ್ಗಿಸಿದಾಗ ತೂಕದ ಗುಂಡು ಹೋಗಿ ಟ್ರೈಪಾಡ್ ಕಾಲಿಗೆ ಬಡಿಯುತ್ತದೆ. ಕೊಳ್ಳುವ ಮೊದಲು ಅದು ಎಷ್ಟು ಡಿಗ್ರಿವರೆಗೆ ಇಳಿಯುತ್ತದೆ ಅಂತ ಕೇಳಿ ತಿಳಿದುಕೊಳ್ಳಿ. ನೀವು ಫೋಟೊ ತೆಗೆಯುವುದಿಲ್ಲ. ಹಾಗಾಗಿ ನನ್ನ ಸಲಹೆ ಕೇಳಿದರೆ, ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ತಿರುಗುವ ಗಟ್ಟಿಮುಟ್ಟಾದ ಆಲ್ಟ್-ಅಜಿಮತ್ ಮೌಂಟ್ ಸಾಕು. ಮೋಟರ್ ಬೇಕೇ ಬೇಕು ಅನ್ನುವುದಾದರೆ ಇಕ್ಯು-6 (ಭಾರ ಹೊರುವ ಒಂದು ಈಕ್ವಟೋರಿಯಲ್ ಮೌಂಟ್) ದರ್ಜೆಗಿಂತ ಕೆಳಗೆ ಇಳಿಯಬೇಡಿ.

ಟ್ರೈಪಾಡ್ ಬಗ್ಗೆಯೂ ಯೋಚಿಸಿ. ರಿಫ್ರ್ಯಾಕ್ಟರ್‌ನ ಕಣ್ಣಿಡುವ ತುದಿ ಕೆಳಗಿರುತ್ತದೆ. ದಿಗಂತ ನೋಡುವಾಗ ಐಪೀಸ್ ಮೌಂಟ್‌ನ ಎತ್ತರದಲ್ಲಿರುತ್ತದೆ, ನೆತ್ತಿ ನೋಡುವಾಗ ಮುಕ್ಕಾಲು ಮೀಟರಿಗೂ ಜಾಸ್ತಿ ಕೆಳಗೆ ಇಳಿಯುತ್ತದೆ. ನಮ್ಮ ಗ್ರಹಗಳೆಲ್ಲ ನೆತ್ತಿಯಲ್ಲಿ ಇರುವುದರಿಂದ ಸಣ್ಣ ಟ್ರೈಪಾಡ್ ಇದ್ದರೆ ನೀವು ನೆಲದ ಮೇಲೆ ಕೂರಬೇಕಾಗುತ್ತದೆ. ಟ್ರೈಪಾಡ್ ಕಾಲುಗಳನ್ನು ಪೂರ್ತಿ ಎಳೆದರೆ ಎತ್ತರ ಸಿಗುತ್ತದೆ, ಅಲುಗಾಟವೂ ಸಿಗುತ್ತದೆ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಆರು ಇಂಚಿನ ಕಬ್ಬಿಣದ ಪೈಪಿಗೆ ಅಗಲ ಪಾದ ಹಾಕಿಸಿ, ಒಳಗೆ ಒಣ ಮರಳು ತುಂಬಿಸಿ. ಇಂಥ ಕಂಬದ ಮೇಲೆ ಕೂತ ಮೌಂಟ್‌ಗೂ ಟ್ರೈಪಾಡ್ ಮೇಲಿನ ಅದೇ ಮೌಂಟ್‌ಗೂ ಅಜಗಜಾಂತರ. ಗುಂಡು ಕಾಲಿಗೆ ಬಡಿಯುವ ತೊಂದರೆಯೂ ತಪ್ಪುತ್ತದೆ. ತಾರಸಿಯಲ್ಲೇ ಇಡುವುದಾದರೆ ಕೆಳಗೆ ಪಿಲ್ಲರ್ ಅಥವಾ ಗೋಡೆ ಬರುವ ಜಾಗ ನೋಡಿ ಇಡಿ. ಸ್ಲ್ಯಾಬಿನ ನಡುವೆ ಇಟ್ಟರೆ ನೀವು ಹೆಜ್ಜೆ ಇಟ್ಟಾಗಲೆಲ್ಲ ಗುರು ಕುಣಿಯುತ್ತದೆ. ಕೂರಲು ಎತ್ತರ ಬದಲಿಸಬಹುದಾದ ಸ್ಟೂಲ್ ಇರಲಿ. ಬೆನ್ನು ಬಗ್ಗಿಸಿ ನಿಂತ ಕಣ್ಣಿಗೆ ಸೂಕ್ಷ್ಮ ವಿವರ ಕಾಣುವುದಿಲ್ಲ.

ಗೆಳೆಯರ ಡಾಬ್ ವಿಷಯಕ್ಕೆ ಬರೋಣ. ಇಲ್ಲಿ ನಿಮ್ಮ ಕಣ್ಣು ಸರಿಯಾಗಿಯೇ ನೋಡಿದೆ. 8 ಇಂಚು ಅಂದರೆ 203 ಮಿ.ಮೀ. ಅದರ ಅಗಲ ನಿಮ್ಮದರ 1.8 ಪಟ್ಟು ಬೆಳಕು ಹಿಡಿಯುತ್ತದೆ. ಎರಡು ಕನ್ನಡಿಗಳಲ್ಲಿ ಒಂದಿಷ್ಟು ಸೋರುತ್ತದೆ, ನಡುವಿನ ಸಣ್ಣ ಕನ್ನಡಿ ಒಂದಿಷ್ಟು ತಡೆಯುತ್ತದೆ. ಆದರೂ ಕೊನೆಗೆ ಕಣ್ಣಿಗೆ ಬರುವುದು ನಿಮ್ಮದಕ್ಕಿಂತ ಒಂದೂವರೆ ಪಟ್ಟಿನ ಹತ್ತಿರ. ಮಂಕಾದ ಗ್ಯಾಲಕ್ಸಿಗೆ ಬೇಕಾದ್ದು ಬೆಳಕು. ಯಾವ ಇಡಿ ಗಾಜೂ ಆ ಲೆಕ್ಕವನ್ನು ತಿದ್ದಲಾರದು. ಅಷ್ಟೇ ಅಲ್ಲ, ಕನ್ನಡಿಗಳನ್ನು ಸರಿಯಾಗಿ ಹೊಂದಿಸಿ, ಚೆನ್ನಾಗಿ ತಣಿಸಿದ 8 ಇಂಚಿನ ಡಾಬ್ ಒಳ್ಳೆಯ ರಾತ್ರಿಯಲ್ಲಿ ಗ್ರಹಗಳಲ್ಲೂ ನಿಮ್ಮದಕ್ಕೆ ಸರಿಸಮನಾಗಿ ನಿಲ್ಲುತ್ತದೆ, ಕೆಲವೊಮ್ಮೆ ಮುಂದೆಯೇ ಹೋಗುತ್ತದೆ. ರಿಫ್ರ್ಯಾಕ್ಟರ್ ಮಾರುವವರು ಇದನ್ನು ಹೇಳುವುದಿಲ್ಲ.

ಹಾಗಾದರೆ ಐದಾರು ಪಟ್ಟು ದುಡ್ಡು ಯಾಕೆ ಕೊಟ್ಟೆ ಅಂತೀರಾ? ನಡುವೆ ಏನೂ ಅಡ್ಡ ಇಲ್ಲದ ಲೆನ್ಸ್ ಬೆಳಕನ್ನು ಚದುರಿಸುವುದು ಕಡಿಮೆ. ಪ್ರಖರ ನಕ್ಷತ್ರದ ಪಕ್ಕದ ಮಂಕು ನಕ್ಷತ್ರ, ಗುರುವಿನ ಪಟ್ಟೆಗಳ ನಡುವಿನ ತೆಳು ಎಳೆ, ಚಂದ್ರನ ಕಪ್ಪು ನೆರಳಿನ ಅಂಚು, ಇಲ್ಲೆಲ್ಲ ಅದು ಕೆಲಸಕ್ಕೆ ಬರುತ್ತದೆ. ಕನ್ನಡಿ ಹಿಡಿಯುವ ಕಡ್ಡಿಗಳಿಂದ ಬರುವ ಶಿಲುಬೆಯಾಕಾರದ ಕಿರಣಗಳು ಇಲ್ಲ. ಪ್ರತಿ ಸಲ ಹೊಂದಿಸುವ ಗೋಜಿಲ್ಲ. ಗಾಳಿ ಸಾಧಾರಣವಾಗಿರುವ ರಾತ್ರಿಗಳೇ ಜಾಸ್ತಿ, ಅಂಥ ರಾತ್ರಿಗಳಲ್ಲಿ ಇದು ಮುನಿಸಿಕೊಳ್ಳುವುದು ಕಡಿಮೆ. ನನ್ನ ಮಟ್ಟಿಗೆ ದೊಡ್ಡ ರಿಫ್ರ್ಯಾಕ್ಟರ್ ಕೊಡುವುದು ಹೆಚ್ಚು ಬೆಳಕನ್ನಲ್ಲ, ಹೆಚ್ಚು ಒಳ್ಳೆಯ ರಾತ್ರಿಗಳನ್ನು. ಗ್ಯಾಲಕ್ಸಿಗೆ ಗೆಳೆಯರ ತಾರಸಿಗೆ ಹೋಗಿ, ಜೋಡಿ ನಕ್ಷತ್ರಕ್ಕೆ ಅವರನ್ನು ನಿಮ್ಮ ತಾರಸಿಗೆ ಕರೆಯಿರಿ.

ಜೋಡಿ ನಕ್ಷತ್ರ ಅಂದೆ. ಹೊಸ ಲೆನ್ಸಿನ ಬೆಲೆ ಗೊತ್ತಾಗುವುದು ಅಲ್ಲೇ. 150 ಮಿ.ಮೀ. ಲೆನ್ಸ್ ಒಂದೇ ಪ್ರಖರತೆಯ ಎರಡು ನಕ್ಷತ್ರಗಳನ್ನು 0.77 ಆರ್ಕ್‌ಸೆಕೆಂಡ್‌ವರೆಗೆ ಬೇರ್ಪಡಿಸಬಲ್ಲದು ಅನ್ನುತ್ತದೆ ಡಾಸ್ ಸೂತ್ರ. ಅಲ್ಲಿಂದಲೇ ಶುರು ಮಾಡಬೇಡಿ. ಗುರುವಿನ ನೆರೆಯಲ್ಲೇ ಇರುವ ಪುನರ್ವಸುವಿನ ಕ್ಯಾಸ್ಟರ್‌ನಿಂದ ಶುರು ಮಾಡಿ. ಐದೂವರೆ ಆರ್ಕ್‌ಸೆಕೆಂಡ್ ಅಂತರದ ಎರಡು ಬಿಳಿ ನಕ್ಷತ್ರಗಳು, 100 ಪಟ್ಟಿನಲ್ಲಿ ಅಚ್ಚುಕಟ್ಟಾಗಿ ಬೇರೆಯಾಗಬೇಕು. ಆಮೇಲೆ ಮಹಾವ್ಯಾಧದ (ಓರಿಯನ್) ರೈಜೆಲ್. ಅಂತರ ಒಂಬತ್ತೂವರೆ ಇದ್ದರೂ ಸಂಗಾತಿ ತೀರಾ ಮಂಕು, ಮುಖ್ಯ ನಕ್ಷತ್ರದ ಹೊಳಪಿನಲ್ಲಿ ಕಳೆದುಹೋಗುತ್ತದೆ. ಅಲ್ಲೇ ಓರಿಯನ್ ನೀಹಾರಿಕೆಯ ನಡುವಿನ ಟ್ರೆಪೀಜಿಯಂ ನೋಡಿ. ನಾಲ್ಕು ನಕ್ಷತ್ರ ಎಲ್ಲರಿಗೂ ಕಾಣುತ್ತವೆ. ಐದನೆಯದು, ಆರನೆಯದು ಸುಮಾರು 11ನೇ ದರ್ಜೆಯವು. ಆರೂ ಒಟ್ಟಿಗೆ ಕಂಡ ರಾತ್ರಿ ನಿಮ್ಮ ಲೆನ್ಸೂ ಚೆನ್ನಾಗಿದೆ, ಗಾಳಿಯೂ ಚೆನ್ನಾಗಿದೆ ಅಂತ ಡೈರಿಯಲ್ಲಿ ಬರೆದಿಡಿ. ಬೇಸಿಗೆಯ ನಡುರಾತ್ರಿಗಳಲ್ಲಿ ಜ್ಯೇಷ್ಠಾ ಮೇಲೆ ಬಂದಾಗ ಅದರ ಸಂಗಾತಿಯನ್ನು ಹುಡುಕಿ. ಕೆಂಪು ದೈತ್ಯನಿಂದ ಎರಡೂವರೆ ಆರ್ಕ್‌ಸೆಕೆಂಡ್‌ಗಿಂತ ತುಸು ದೂರದಲ್ಲಿ, ಹಸಿರಿನಂತೆ ಕಾಣುವ ಒಂದು ಚುಕ್ಕೆ. ಇಂಗ್ಲೆಂಡಿನವರಿಗೆ ಜ್ಯೇಷ್ಠಾ ದಿಗಂತದಲ್ಲಿ ತೆವಳುತ್ತದೆ. ನಮಗೆ 50 ಡಿಗ್ರಿ ಎತ್ತರ.

ಕೊನೆಗೆ ಲುಬ್ಧಕ. 1862ರ ಜನವರಿ 31ರಂದು ಅಮೆರಿಕದ ಆಲ್ವನ್ ಗ್ರಹಾಂ ಕ್ಲಾರ್ಕ್ ಹೊಸದಾಗಿ ತಯಾರಿಸಿದ ಹದಿನೆಂಟೂವರೆ ಇಂಚಿನ ಲೆನ್ಸ್ ಅನ್ನು ಪರೀಕ್ಷಿಸಲು ಅದನ್ನು ಲುಬ್ಧಕದ ಕಡೆ ತಿರುಗಿಸಿದ. ಪಕ್ಕದಲ್ಲಿ ಒಂದು ಮಂಕು ಚುಕ್ಕೆ ಕಂಡಿತು. ಅಂಥ ಒಂದು ಸಂಗಾತಿ ಇರಲೇಬೇಕು ಅಂತ ಜರ್ಮನಿಯ ಖಗೋಳಜ್ಞ ಬೆಸೆಲ್ 1844ರಲ್ಲೇ ಲುಬ್ಧಕದ ಓಲಾಟ ನೋಡಿ ಹೇಳಿದ್ದ. ಹೊಸ ಲೆನ್ಸಿನ ಪರೀಕ್ಷೆಯಲ್ಲೇ ಅದು ಸಿಕ್ಕಿತು. ಅದು ಮುಂದೆ ಶ್ವೇತ ಕುಬ್ಜ ಅಂತ ಗೊತ್ತಾಯಿತು. ಸೂರ್ಯನಷ್ಟು ದ್ರವ್ಯವನ್ನು ಭೂಮಿಯಷ್ಟು ಗಾತ್ರದಲ್ಲಿ ತುಂಬಿಟ್ಟ ನಕ್ಷತ್ರ. ಈಗಿನ ವರ್ಷಗಳಲ್ಲಿ ಇವೆರಡರ ಅಂತರ 11 ಆರ್ಕ್‌ಸೆಕೆಂಡ್ ಹತ್ತಿರ ಇದೆ, ಇದು ಅವುಗಳ 50 ವರ್ಷದ ಸುತ್ತಿನಲ್ಲಿ ಅತಿ ಹೆಚ್ಚಿನ ಅಂತರಕ್ಕೆ ಸಮೀಪ. ಕಷ್ಟ ಅಂತರದ್ದಲ್ಲ, ಹೊಳಪಿನದ್ದು. ಲುಬ್ಧಕ ಅದಕ್ಕಿಂತ ಹತ್ತಿರ ಹತ್ತಿರ ಹತ್ತು ಸಾವಿರ ಪಟ್ಟು ಪ್ರಖರ. ಲುಬ್ಧಕ ದಕ್ಷಿಣಕ್ಕೆ ನೆಟ್ಟಗೆ ಬಂದಾಗ, ಗಾಳಿ ಅಲ್ಲಾಡದ ರಾತ್ರಿಯಲ್ಲಿ, 200-250 ಪಟ್ಟಿನಲ್ಲಿ ಪ್ರಯತ್ನಿಸಿ. ಲುಬ್ಧಕವನ್ನು ನೋಟದ ಅಂಚಿನಿಂದ ಸ್ವಲ್ಪ ಆಚೆಗೆ ಸರಿಸಿದರೆ ಕಣ್ಣಿಗೆ ಸುಲಭ. ಕಾಣಲಿಲ್ಲ ಅಂದರೆ ಲೆನ್ಸನ್ನು ಬೈಯಬೇಡಿ, ದೊಡ್ಡ ಟೆಲಿಸ್ಕೋಪ್‌ನವರಿಗೂ ಅದು ಕೈಕೊಡುತ್ತದೆ.

ಚಂದ್ರನಲ್ಲಿ ಪ್ಲೇಟೊ ಕುಳಿ ನೋಡಿ. 100 ಕಿ.ಮೀ. ಅಗಲದ, ಕಪ್ಪು ನೆಲದ ಕುಳಿ. ಅದರ ನೆಲದ ಮೇಲೆ ಎರಡು ಕಿ.ಮೀ. ಆಸುಪಾಸಿನ ಪುಟ್ಟ ಕುಳಿಗಳಿವೆ. ನಾಲ್ಕು ಇಂಚಿನಲ್ಲಿ ಬಿಳಿ ಚುಕ್ಕೆಗಳಂತೆ ಕಂಡವು ಆರು ಇಂಚಿನಲ್ಲಿ, ಓರೆ ಬಿಸಿಲಿನಲ್ಲಿ, ಗುಂಡಿಗಳಾಗಿ ಕಾಣಬೇಕು. ಗುರುವಿನ ಚಂದ್ರರು ಚುಕ್ಕೆಗಳಲ್ಲ, ಪುಟ್ಟ ಬಿಲ್ಲೆಗಳು. ಗ್ಯಾನಿಮೀಡ್ ಯೂರೋಪಾಗಿಂತ ದೊಡ್ಡದು ಅಂತ ಕಣ್ಣಿಗೇ ತಿಳಿಯಬೇಕು. ಶನಿಯ ಬಳೆಯ ಅಂಚು 2025ರ ಮಾರ್ಚ್‌ನಲ್ಲಿ ನಮ್ಮ ಕಡೆಗೆ ತಿರುಗಿತ್ತು. 2030ರ ಹೊತ್ತಿಗೆ ಅದು ಚೆನ್ನಾಗಿ ತೆರೆದುಕೊಂಡಿರುತ್ತದೆ. ಬಳೆಯ ನಡುವಿನ ಕಪ್ಪು ಸೀಳಾದ ಕ್ಯಾಸಿನಿ ಗೆರೆಯನ್ನು ಪೂರ್ತಿ ಸುತ್ತು ನೋಡುವ ಆಸೆಯಿದ್ದರೆ ಆತುರಪಡಬೇಡಿ. ಯಾವ ಗ್ರಹವನ್ನಾದರೂ ಕನಿಷ್ಠ ಅರ್ಧ ಗಂಟೆ ನೋಡಿ, ಪೆನ್ಸಿಲ್ ಹಿಡಿದು ಚಿತ್ರ ಬಿಡಿಸಿ. ಗಾಳಿ ನಿಲ್ಲುವುದು ಒಂದೆರಡು ಸೆಕೆಂಡ್ ಮಾತ್ರ, ಕಣ್ಣು ಆ ಹೊತ್ತಿಗೆ ಐಪೀಸಿನ ಮೇಲಿರಬೇಕು.

ಐಪೀಸ್‌ಗಳನ್ನು ರಾಶಿ ಹಾಕಬೇಡಿ. 50 ಪಟ್ಟಿಗೆ 24 ಮಿ.ಮೀ., 150ಕ್ಕೆ 8 ಮಿ.ಮೀ., ಒಳ್ಳೆಯ ರಾತ್ರಿಗೆ 5 ಅಥವಾ 6 ಮಿ.ಮೀ. ಮೂರು ಒಳ್ಳೆಯವು ಸಾಕು. ಉಳಿದ ದುಡ್ಡು ಮೌಂಟ್‌ಗೆ.

ಸೂರ್ಯನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ನಿಮ್ಮದರಷ್ಟೇ ಅಗಲದ, 15 ಸೆಂ.ಮೀ. ಲೆನ್ಸಿನಿಂದ ಒಂದು ಶತಮಾನಕ್ಕೂ ಹೆಚ್ಚು ಕಾಲ ಸೂರ್ಯನ ಕಲೆಗಳ ಚಿತ್ರ ತೆಗೆಯುತ್ತ ಬಂದಿದ್ದಾರೆ. ನೀವೂ ನೋಡಬಹುದು, ಆದರೆ ಲೆನ್ಸಿನ ಮುಂದೆ ಪೂರ್ತಿ ಮುಚ್ಚುವ ಸೌರ ಫಿಲ್ಟರ್ ಹಾಕಿಕೊಂಡು ಮಾತ್ರ. ಐಪೀಸಿಗೆ ತಿರುಗಿಸುವ ಸಣ್ಣ ಕಪ್ಪು ಗಾಜು ಸಿಕ್ಕರೆ ಕಸದ ಬುಟ್ಟಿಗೆ ಎಸೆಯಿರಿ. ಬಿಸಿಗೆ ಅದು ಸಿಡಿದರೆ ಕಣ್ಣು ಹೋಯಿತು. ಗುರಿ ಹಿಡಿಯುವ ಸಣ್ಣ ಟೆಲಿಸ್ಕೋಪ್ ಆದ ಫೈಂಡರ್‌ಗೂ ಮುಚ್ಚಳ ಹಾಕಿ.

ಇನ್ನು ವಾಪಸ್ ಕಳಿಸುವ ಮಾತು. ಅಂಗಡಿಯವರು ಕೊಟ್ಟ ಗಡುವು ಎಷ್ಟು ದಿನ ಅಂತ ಮೊದಲು ನೋಡಿಕೊಳ್ಳಿ, ಅದರೊಳಗೆ ಪರೀಕ್ಷೆ ಮುಗಿಸಿ. ಮೌಂಟ್ ಅಲುಗಾಡಿದರೂ ನಕ್ಷತ್ರದ ಉಂಗುರಗಳ ಪರೀಕ್ಷೆ ಮಾಡಬಹುದು, ಮುಟ್ಟದೆ ನಿಲ್ಲುವವರೆಗೆ ಕಾಯಬೇಕು ಅಷ್ಟೇ. ಕಣ್ಣು, ಐಪೀಸ್, ಡಯಾಗನಲ್ ಎಲ್ಲವನ್ನೂ ಬದಲಿಸಿದ ಮೇಲೂ ಉಳಿಯುವ ಅಸ್ಟಿಗ್ಮಾಟಿಸಂ, ತಣ್ಣಗಾದ ಮೇಲೂ ಹೋಗದ ಮುಕ್ಕೋನ, ಹೊಂದಿಸಲು ಸ್ಕ್ರೂ ಇಲ್ಲದ ಲೆನ್ಸಿನಲ್ಲಿ ಓರೆಯಾದ ಉಂಗುರ, ತೂಕದ ಐಪೀಸ್ ಹಾಕಿದಾಗ ಜಾರುವ ಫೋಕಸರ್, ಇವು ವಾಪಸ್ ಕಳಿಸಲು ನ್ಯಾಯವಾದ ಕಾರಣಗಳು. ಟಾರ್ಚ್ ಬಿಟ್ಟು ನೋಡಿದಾಗ ಲೆನ್ಸಿನ ಒಳಗೆ ಕಾಣುವ ನಾಲ್ಕು ಧೂಳಿನ ಕಣ ಕಾರಣವಲ್ಲ. ಅದನ್ನು ತೆಗೆಯಲು ಹೋಗಿ ಲೆನ್ಸ್ ಬಿಚ್ಚಿದರೆ ಮಾತ್ರ ದೊಡ್ಡ ತಾಪತ್ರಯ. ಎರಡು ಗಾಜುಗಳು ಒಂದಕ್ಕೊಂದು ಹೇಗೆ ತಿರುಗಿ ಕೂತಿವೆ ಎಂಬುದನ್ನು ಮತ್ತೆ ಹೊಂದಿಸುವುದು ಮನೆಯಲ್ಲಿ ಆಗುವ ಕೆಲಸವಲ್ಲ. ಇಬ್ಬನಿ ಕೂತರೆ ಒರೆಸಬೇಡಿ, ಒಳಗೆ ತಂದು ತಾನಾಗಿ ಒಣಗಿದ ಮೇಲೆ ಮುಚ್ಚಳ ಹಾಕಿ. ಮಳೆಗಾಲ ಶುರುವಾಗುವ ಮೊದಲು ಟ್ಯೂಬಿನ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಲಗಳನ್ನು ಇಡಿ, ಇಲ್ಲದಿದ್ದರೆ ಲೆನ್ಸಿಗೆ ಫಂಗಸ್ ಹಿಡಿಯುತ್ತದೆ. ಅದಕ್ಕೆ ಯಾವ ಅಂಗಡಿಯೂ ಗ್ಯಾರಂಟಿ ಕೊಡುವುದಿಲ್ಲ.